ಕ್ಯಾಮೆರಾ ಹಿಡಿದವರೇ ಮಕ್ಕಳಿಗೆ ಬರೆದಾಗ: ನಿಕ್ ಬಿಷಪ್ ಅವರ ವೃತ್ತಿಯ ಬಗ್ಗೆ ಒಂದು ಪ್ರಶ್ನೆ

ಧಾರವಾಡದ ಓದುಗಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಕಳೆದ ತಿಂಗಳು ಶಾಲೆಯ ಪುಸ್ತಕ ಮೇಳದಲ್ಲಿ ಅವನು ನಿಕ್ ಬಿಷಪ್ ಎಂಬುವರ, ಜೇಡಗಳ ಕುರಿತಾದ ಇಂಗ್ಲಿಷ್ ಪುಸ್ತಕವೊಂದನ್ನು ಕೊಂಡು ತಂದ. ಒಟ್ಟು 48 ಪುಟಗಳು. ಜೇಡದ ಕಾಲಿನ ಒಂದೊಂದು ರೋಮವನ್ನೂ ಎಣಿಸಬಹುದಾದಷ್ಟು ಸ್ಪಷ್ಟವಾದ ಚಿತ್ರಗಳು. ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸಿದ್ದಾರೆ ಎಂಬ ವಿವರವೂ ಚಿತ್ರದ ಜೊತೆಗಿದೆ. ಚಿತ್ರಗಳನ್ನು ತೆಗೆದವರೂ ಅವರೇ, ಬರಹವೂ ಅವರದ್ದೇ. ಪುಸ್ತಕ ಮುಗಿಸಿದ ಹುಡುಗ ನನ್ನ ಬಳಿ ಬಂದು, "ದೊಡ್ಡಮ್ಮ, ಇವರು ಮೊದಲು ಫೋಟೋ ತೆಗೆದು ಆಮೇಲೆ ಬರೆದರೋ, ಬರೆದುಕೊಂಡು ಆಮೇಲೆ ಫೋಟೋ ತೆಗೆದರೋ? ಇದನ್ನೇ ಉದ್ಯೋಗ ಮಾಡಿಕೊಳ್ಳಬಹುದೇ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

ಪುಸ್ತಕದ ಕೊನೆಯಲ್ಲಿ ಲೇಖಕರ ಟಿಪ್ಪಣಿಯೊಂದಿದೆ. ಜೇಡಗಳನ್ನು ಮನೆಯಲ್ಲಿ ಇಟ್ಟುಕೊಂಡು ಚಿತ್ರ ತೆಗೆದದ್ದನ್ನು ಅವರು ಅಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ಓದಿ ಹುಡುಗನಿಗೆ ಸ್ವಲ್ಪ ನಿರಾಶೆಯಾಯಿತು. ಎಲ್ಲವೂ ಕಾಡಿನಲ್ಲಿ ತೆಗೆದದ್ದೆಂದು ಅವನು ಭಾವಿಸಿದ್ದ. ಈ ಎರಡು ವಿಷಯಗಳ ಬಗ್ಗೆಯೂ ತಿಳಿದವರು ದಯವಿಟ್ಟು ಬರೆಯಿರಿ.

ಜೀವಶಾಸ್ತ್ರದ ಮೇಷ್ಟ್ರು

ಮೇಡಂ, ಮೊದಲ ಪ್ರಶ್ನೆಗೆ ಅವರ ಬದುಕಿನ ಹಾದಿಯಲ್ಲೇ ಉತ್ತರವಿದೆ. ನಿಕ್ ಬಿಷಪ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಬಾಲ್ಯ ಕಳೆದದ್ದು ಬಾಂಗ್ಲಾದೇಶ, ಸುಡಾನ್, ಪಪುವಾ ನ್ಯೂಗಿನಿಯಂತಹ ದೇಶಗಳಲ್ಲಿ. ಮುಂದೆ ನ್ಯೂಜಿಲೆಂಡ್‌ನಲ್ಲಿ ಜೀವಶಾಸ್ತ್ರದ ಡಾಕ್ಟರೇಟ್ ಪಡೆದರು. ನ್ಯೂಜಿಲೆಂಡ್‌ನ ನಿಸರ್ಗದ ಬಗ್ಗೆ ದೊಡ್ಡವರಿಗಾಗಿ ಪುಸ್ತಕ ಮಾಡಿದ ಮೇಲೆ ಅವರು ಮಕ್ಕಳ ಪುಸ್ತಕಗಳತ್ತ ಹೊರಳಿದರು. ಎಂದರೆ ಆ ಜೇಡದ ಚಿತ್ರ ತೆಗೆದವರು ಜೀವಿಗಳನ್ನು ಗಮನಿಸುವುದು ಹೇಗೆಂದು ವರ್ಷಗಟ್ಟಲೆ ಕಲಿತಿದ್ದವರು. ಇದನ್ನು ಹುಡುಗನಿಗೆ ಖಂಡಿತ ಹೇಳಿ. ಯಾಕೆಂದರೆ ನಮ್ಮಲ್ಲಿ ಈಗ ಅನೇಕರು ಮೊದಲು ಲಕ್ಷಾಂತರ ರೂಪಾಯಿಯ ಲೆನ್ಸ್ ಕೊಳ್ಳುತ್ತಾರೆ, ಎದುರಿಗಿರುವ ಹಕ್ಕಿ ಯಾವುದೆಂದು ಅನಂತರ ಯಾರನ್ನಾದರೂ ಕೇಳುತ್ತಾರೆ.

ಗ್ರಂಥಪಾಲಕಿ

ನಮ್ಮ ಮಕ್ಕಳ ಗ್ರಂಥಾಲಯದಲ್ಲಿ ಇವರ ಐದು ಪುಸ್ತಕಗಳಿವೆ: ಜೇಡಗಳು (2007), ಕಪ್ಪೆಗಳು (2008), ಚಿಟ್ಟೆ ಮತ್ತು ಪತಂಗಗಳು (2009), ಹಲ್ಲಿಗಳು (2010), ಹಾವುಗಳು (2012). ಕಪ್ಪೆಗಳ ಪುಸ್ತಕದಲ್ಲಿ ಮಡಚಿಟ್ಟ ಅಗಲವಾದ ಪುಟವೊಂದಿದೆ. ಅದನ್ನು ಬಿಚ್ಚಿ ಬಿಚ್ಚಿ ಮಡಿಕೆಯೇ ಹರಿದುಹೋಗಿ ನಾನು ಎರಡು ಬಾರಿ ಅಂಟುಪಟ್ಟಿ ಹಾಕಿದ್ದೇನೆ. ಜೇಡಗಳ ಪುಸ್ತಕಕ್ಕೆ, ಮಕ್ಕಳ ಮಾಹಿತಿ ಪುಸ್ತಕಗಳಿಗೆ ಕೊಡುವ ಅಮೆರಿಕದ ಸೈಬರ್ಟ್ ಪದಕ ಸಿಕ್ಕಿದೆ ಎಂಬುದನ್ನೂ ಹುಡುಗನಿಗೆ ತಿಳಿಸಿ.

ತುಂಗಾತೀರ

ಗ್ರಂಥಪಾಲಕಿಯವರೇ, ಒಂದು ಸಣ್ಣ ತಿದ್ದುಪಡಿ. ಜೇಡಗಳ ಪುಸ್ತಕಕ್ಕೆ 2008ರಲ್ಲಿ ದೊರೆತದ್ದು ಸೈಬರ್ಟ್ ಗೌರವ ಮಾತ್ರ, ಎಂದರೆ ಪದಕದ ನಂತರದ ಸ್ಥಾನ. ಆ ವರ್ಷದ ಪದಕ ಬೇರೆ ಪುಸ್ತಕಕ್ಕೆ ಹೋಯಿತು. ಬಿಷಪ್ ಅವರ ಚಿತ್ರಗಳಿದ್ದು ಪದಕವನ್ನೇ ಪಡೆದದ್ದು ಕಾಕಪೋ ಗಿಳಿಯನ್ನು ಕುರಿತ ಪುಸ್ತಕ, 2011ರಲ್ಲಿ. ಅದರ ಬರಹ ಸೈ ಮಾಂಟ್‌ಗೊಮರಿ ಅವರದು. ಇದೇ ಜೋಡಿಯ ಟ್ಯಾರಂಟುಲಾ ಜೇಡದ ಪುಸ್ತಕಕ್ಕೆ 2005ರಲ್ಲಿ, ಮರಕಾಂಗರೂ ಪುಸ್ತಕಕ್ಕೆ 2007ರಲ್ಲಿ ಸೈಬರ್ಟ್ ಗೌರವ ಸಂದಿತ್ತು.

ಗ್ರಂಥಪಾಲಕಿ

ತಿದ್ದಿದ್ದಕ್ಕೆ ಧನ್ಯವಾದಗಳು. ನಮ್ಮ ಕಪಾಟಿಗೆ ಅಂಟಿಸಿರುವ ಚೀಟಿಯನ್ನೂ ಇವತ್ತೇ ಬದಲಾಯಿಸುತ್ತೇನೆ.

ಹಳೆಯ ಫಿಲ್ಮು

ಚಿತ್ರ ತೆಗೆಯುವ ಕೆಲಸದ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ. ನೆಗೆಯುತ್ತಿರುವ ಕಪ್ಪೆಯನ್ನೋ ನಾಲಿಗೆ ಚಾಚಿದ ಗೋಸುಂಬೆಯನ್ನೋ ಕಣ್ಣಿನಿಂದ ನೋಡಿ, ಬೆರಳಿನಿಂದ ಗುಂಡಿ ಒತ್ತಿ ಹಿಡಿಯಲಾಗುವುದಿಲ್ಲ. ಕಣ್ಣು ಕಂಡದ್ದು ಬೆರಳಿಗೆ ತಲುಪುವಷ್ಟರಲ್ಲಿ ಗೋಸುಂಬೆಯ ನಾಲಿಗೆ ಹುಳುವನ್ನು ತಲುಪಿಯೂ ಆಗಿರುತ್ತದೆ. ಬೆರಳು ಒತ್ತಿದ ಮೇಲೂ ಕ್ಯಾಮೆರಾದೊಳಗಿನ ಕನ್ನಡಿ ಏಳಬೇಕು, ಶಟರ್ ತೆರೆಯಬೇಕು. ಅದಕ್ಕಾಗಿ ಇಂತಹ ಚಿತ್ರಗಳಿಗೆ ಪ್ರಾಣಿ ಹಾಯುವ ದಾರಿಗೆ ಅಡ್ಡವಾಗಿ ಕಣ್ಣಿಗೆ ಕಾಣದ ಬೆಳಕಿನ ಕಿರಣವೊಂದನ್ನು ಇಡುತ್ತಾರೆ. ಪ್ರಾಣಿ ಅದನ್ನು ತುಂಡರಿಸಿದ ಕ್ಷಣದಲ್ಲಿ ಕ್ಯಾಮೆರಾ ತಾನಾಗಿಯೇ ಕೆಲಸ ಮಾಡುತ್ತದೆ. ಚಲನೆಯನ್ನು ಹಿಡಿದು ನಿಲ್ಲಿಸುವುದು ನಿಜವಾಗಿ ಫ್ಲ್ಯಾಶ್, ಶಟರ್ ಅಲ್ಲ. ಸೆಕೆಂಡಿನ ಇಪ್ಪತ್ತು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ಬೆಳಗುವ ಫ್ಲ್ಯಾಶ್ ಬೇಕಾಗುತ್ತದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಸ್ಟೀಫನ್ ಡಾಲ್ಟನ್ ಅವರು ಹಾರುವ ಕೀಟಗಳನ್ನು ಹೀಗೆ ಹಿಡಿದು ತೋರಿಸಿದಾಗ, ಛಾಯಾಗ್ರಹಣವೇ ಉಸಿರಾಗಿದ್ದ ನಮ್ಮಂತಹ ಹುಡುಗರು ಆ ಪುಟಗಳನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದೆವು.

ನಾನೂ ಒಮ್ಮೆ ಮನೆಯ ಹಿತ್ತಲಲ್ಲಿ, ಬಚ್ಚಲ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದ ಕಪ್ಪೆಯೊಂದರ ನೆಗೆತಕ್ಕಾಗಿ ಇದನ್ನು ಪ್ರಯತ್ನಿಸಿದ್ದೆ. ಹನ್ನೆರಡು ರಾತ್ರಿಗಳಲ್ಲಿ ಮೂರು ರೋಲ್ ಫಿಲ್ಮ್ ಮುಗಿಯಿತು. ತೊಳೆಸಿ ತಂದು ನೋಡಿದರೆ ಬಹುಪಾಲು ಚಿತ್ರಗಳಲ್ಲಿ ಖಾಲಿ ಕಲ್ಲು, ಕೆಲವದರಲ್ಲಿ ಚೌಕಟ್ಟಿನ ಅಂಚಿನಲ್ಲಿ ಎರಡು ಹಿಂಗಾಲು. ಆದರೆ ಆ ಹನ್ನೆರಡು ರಾತ್ರಿಗಳಲ್ಲಿ ನಾನು ತಿಳಿದುಕೊಂಡದ್ದೊಂದಿದೆ: ನೆಗೆಯುವ ಮುನ್ನ ಅದು ಮೈಯನ್ನು ತುಸು ಎಡಕ್ಕೋ ಬಲಕ್ಕೋ ತಿರುಗಿಸಿ ಕೂರುತ್ತಿತ್ತು, ಅದೇ ದಿಕ್ಕಿಗೆ ನೆಗೆಯುತ್ತಿತ್ತು. ಹುಡುಗನ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ. ಫೋಟೋ ಮೊದಲೂ ಅಲ್ಲ, ಬರಹ ಮೊದಲೂ ಅಲ್ಲ. ಕಾದು ಕೂರುವುದು ಮೊದಲು, ಮಿಕ್ಕೆರಡೂ ಅದರ ಬೆನ್ನಿಗೇ ಬರುತ್ತವೆ.

ಕಾಡುಹಾದಿ

ಹಿರಿಯರ ಅನುಭವದ ಬಗ್ಗೆ ಗೌರವವಿದೆ. ಆದರೂ ನನ್ನ ಆಕ್ಷೇಪವನ್ನು ಸ್ಪಷ್ಟವಾಗಿಯೇ ಹೇಳಬೇಕು. ಮೇಜಿನ ಮೇಲೆ ಕೊಂಬೆ ನೆಟ್ಟು, ಹಿಂದೆ ಹಸಿರು ಪರದೆ ಇಟ್ಟು, ಪೆಟ್ಟಿಗೆಯಲ್ಲಿ ಸಾಕಿದ ಪ್ರಾಣಿಯನ್ನು ಅದರ ಮೇಲೆ ಕೂರಿಸಿ ತೆಗೆದ ಚಿತ್ರವನ್ನು ಮಕ್ಕಳ ಕೈಗೆ ಕೊಟ್ಟು "ಇದು ಪ್ರಕೃತಿ" ಎನ್ನುವುದು ಸರಿಯಲ್ಲ. ಕಥೆಯ ಪುಸ್ತಕಕ್ಕಾದರೆ ನಾನು ಒಪ್ಪುತ್ತಿದ್ದೆ. ಆದರೆ ವಾಸ್ತವವನ್ನೇ ಹೇಳುತ್ತೇನೆಂದು ಹೊರಟ ಪುಸ್ತಕದಲ್ಲಿ ಚಿತ್ರವೇ ಸಾಕ್ಷಿ. ಸಾಕ್ಷಿಯನ್ನು ಸಿದ್ಧಪಡಿಸಿದರೆ ಏನು ಉಳಿಯಿತು? ಮೇಡಂ ಅವರ ತಂಗಿಯ ಮಗನಿಗೆ ಆದ ನಿರಾಶೆ ನನಗೆ ಬಹಳ ಆರೋಗ್ಯಕರವಾಗಿ ಕಾಣುತ್ತದೆ.

ಜೀವಶಾಸ್ತ್ರದ ಮೇಷ್ಟ್ರು

ಕಾಡುಹಾದಿಯವರೇ, ಹಾಗಾದರೆ ಪ್ರಯೋಗಾಲಯದಲ್ಲಿ ಕಂಡದ್ದೆಲ್ಲ ಸುಳ್ಳೇ? ಜಿಗಿಯುವ ಜೇಡಕ್ಕೆ ನಮ್ಮ ತೊಡೆಯಂತೆ ಬಲಿಷ್ಠ ಸ್ನಾಯುಗಳಿಲ್ಲ. ಮೈಯೊಳಗಿನ ದ್ರವದ ಒತ್ತಡವನ್ನು ಒಮ್ಮೆಲೇ ಏರಿಸಿ ಹಿಂಗಾಲುಗಳನ್ನು ಚಾಚುತ್ತದೆ, ನೆಗೆಯುವ ಮುನ್ನ ಹಿಂದೆ ನೂಲೊಂದನ್ನು ಅಂಟಿಸಿರುತ್ತದೆ. ಇವೆರಡೂ ಕಾಡಿನಲ್ಲಿ ಹೇಗೆ ನಡೆಯುತ್ತವೆಯೋ ಮೇಜಿನ ಮೇಲೂ ಹಾಗೆಯೇ ನಡೆಯುತ್ತವೆ. ಪ್ರಾಣಿಯ ಸಹಜ ನಡವಳಿಕೆಯನ್ನು ಕೆಡಿಸದೆ, ಅದನ್ನು ಹತ್ತಿರದಿಂದ ನೋಡಲು ಅನುಕೂಲ ಮಾಡಿಕೊಳ್ಳುವುದು ಒಂದು. ಅದು ಮಾಡದ ಕೆಲಸವನ್ನು ಮಾಡಿದಂತೆ ತೋರಿಸುವುದು ಮತ್ತೊಂದು. ತಮ್ಮ ಆಕ್ಷೇಪ ಎರಡನೆಯದಕ್ಕೆ ಸಲ್ಲುತ್ತದೆ, ಮೊದಲನೆಯದಕ್ಕೆ ಅಲ್ಲ.

ಕಾಡುಹಾದಿ

ಆ ಗೆರೆ ಎಲ್ಲಿದೆಯೆಂದು ಯಾರು ಹೇಳುತ್ತಾರೆ? ಕೆಲವು ವರ್ಷಗಳ ಹಿಂದೆ ಪಶ್ಚಿಮ ಘಟ್ಟದ ಶಿಬಿರವೊಂದರಲ್ಲಿ, ಒಬ್ಬರು ಮರಗಪ್ಪೆಯನ್ನು ಡಬ್ಬಿಯಲ್ಲಿ ಹಾಕಿ ತಂಪುಪೆಟ್ಟಿಗೆಯಲ್ಲಿ ಇಟ್ಟು, ಅದು ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಪ್ಪೆಯ ಕಣ್ಣಿನ ಪೊರೆ ಅರ್ಧ ಮುಚ್ಚಿತ್ತು, ಕಾಲ್ಬೆರಳುಗಳು ದಳವನ್ನು ಹಿಡಿದಿರಲೇ ಇಲ್ಲ. ಆ ಚಿತ್ರವನ್ನು ಆಮೇಲೆ ಎಲ್ಲರೂ ಹೊಗಳಿದರು. ನನ್ನ ಸಿಟ್ಟಿಗೆ ಮೂಲ ಅದು. ಬಿಷಪ್ ಅವರು ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಕೋಣೆಯೊಳಗಿನ ಚಿತ್ರಗಳನ್ನು ಒಮ್ಮೆ ಒಪ್ಪಿಕೊಂಡರೆ ಎರಡರ ನಡುವಿನ ಭೇದ ನೋಡುವವರಿಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದೇನೆ.

ಹಳೆಯ ಫಿಲ್ಮು

ನೀವು ಕಂಡದ್ದು ಕ್ರೌರ್ಯವೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭೇದ ಗೊತ್ತಾಗುವುದಿಲ್ಲ ಎಂಬುದನ್ನು ಒಪ್ಪಲಾರೆ, ಏಕೆಂದರೆ ಈಗಷ್ಟೇ ನೀವೇ ಅದನ್ನು ಹೇಳಿದಿರಿ: ಮುಚ್ಚಿದ ಕಣ್ಣು, ಹಿಡಿತವಿಲ್ಲದ ಬೆರಳು. ಅಷ್ಟನ್ನು ನೋಡಲು ಮಕ್ಕಳಿಗೂ ಕಲಿಸಬಹುದು.

ದಕ್ಷಿಣ ದ್ವೀಪ

ನಾನು ಹದಿನಾಲ್ಕು ವರ್ಷಗಳಿಂದ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ಕ್ರೈಸ್ಟ್‌ಚರ್ಚ್‌ನಲ್ಲಿದ್ದೇನೆ. ಚರ್ಚೆಯೆಲ್ಲ ಕೋಣೆಯೊಳಗಿನ ಚಿತ್ರಗಳ ಸುತ್ತಲೇ ನಡೆಯುತ್ತಿರುವುದರಿಂದ ಅವರ ವೃತ್ತಿಯ ಇನ್ನೊಂದು ಅರ್ಧವನ್ನು ನೆನಪಿಸಬೇಕೆನಿಸಿತು. ಸೈ ಮಾಂಟ್‌ಗೊಮರಿ ಅವರೊಂದಿಗೆ ಮಾಡಿದ ಪುಸ್ತಕಗಳಲ್ಲಿ ಬಿಷಪ್ ವಿಜ್ಞಾನಿಗಳ ಬೆನ್ನು ಹಿಡಿದು ಹೋದವರು. ಕೆನಡಾದ ಮ್ಯಾನಿಟೋಬಾದಲ್ಲಿ, ಚಳಿಗಾಲ ಕಳೆದು ನೆಲದ ಬಿರುಕುಗಳಿಂದ ಹತ್ತಾರು ಸಾವಿರ ಗಾರ್ಟರ್ ಹಾವುಗಳು ಹೊರಬರುವ ಜಾಗಕ್ಕೆ ಬಾಬ್ ಮೇಸನ್ ಅವರ ಜೊತೆ. ಫ್ರೆಂಚ್ ಗಯಾನಾದ ಮಳೆಕಾಡಿಗೆ, ಊಟದ ತಟ್ಟೆಯಷ್ಟು ಅಗಲಕ್ಕೆ ಕಾಲು ಚಾಚುವ ಗೋಲಿಯತ್ ಟ್ಯಾರಂಟುಲಾವನ್ನು ಹುಡುಕಿಕೊಂಡು ಸ್ಯಾಮ್ ಮಾರ್ಷಲ್ ಅವರ ಜೊತೆ. ಪಪುವಾ ನ್ಯೂಗಿನಿಯ ಹುವಾನ್ ಪರ್ಯಾಯದ್ವೀಪದ ಮೋಡ ಕವಿದ ಬೆಟ್ಟಗಳಿಗೆ, ಮರಕಾಂಗರೂಗಳಿಗೆ ರೇಡಿಯೊ ಪಟ್ಟಿ ಕಟ್ಟುವ ಲೀಸಾ ಡಾಬೆಕ್ ಅವರ ಜೊತೆ. ಬಾಲ್ಯ ಕಳೆದ ದೇಶಕ್ಕೆ ಕ್ಯಾಮೆರಾ ಹೊತ್ತು ಅವರು ಹಾಗೆ ಮರಳಿದರು. ಆ ಪುಸ್ತಕಗಳಲ್ಲಿ ಕೆಸರು ಮೆತ್ತಿದ ಬೂಟು, ಡೇರೆ, ಹೊರೆ ಹೊತ್ತು ನಡೆಯುವ ಊರಿನ ಜನ, ಎಲ್ಲವೂ ಇವೆ.

ಕಾಕಪೋ ಪುಸ್ತಕ ನಮ್ಮ ದ್ವೀಪದ ದಕ್ಷಿಣದ ತುದಿಯನ್ನೂ ದಾಟಿ, ವೆನುವಾ ಹೋ ಎಂಬ ಪುಟ್ಟ ದ್ವೀಪದಲ್ಲಿ ನಡೆಯುತ್ತದೆ. ಅನುಮತಿಯಿಲ್ಲದೆ ಯಾರೂ ಅಲ್ಲಿಗೆ ಕಾಲಿಡುವಂತಿಲ್ಲ. ಕಾಕಪೋ ಹಾರಲಾರದ, ರಾತ್ರಿ ಓಡಾಡುವ, ಜಗತ್ತಿನ ಅತ್ಯಂತ ಭಾರದ ಗಿಳಿ. 1995ರಲ್ಲಿ ಉಳಿದಿದ್ದವು 51 ಮಾತ್ರ. ಅದು ಪ್ರತಿ ವರ್ಷ ಮರಿ ಮಾಡುವುದಿಲ್ಲ, ರಿಮು ಮರಗಳು ಹೇರಳವಾಗಿ ಹಣ್ಣು ಬಿಡುವ ವರ್ಷಕ್ಕಾಗಿ ಕಾಯುತ್ತದೆ. ಅಂತಹ ಹಕ್ಕಿಯ ಗೂಡಿನ ಬಳಿ ಚಿತ್ರ ತೆಗೆಯುವವನು ಎಷ್ಟು ತಗ್ಗಿ ನಡೆಯಬೇಕೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ.

ತುಂಗಾತೀರ

ಕಾಡುಹಾದಿಯವರು 2009ರಲ್ಲಿ ಬಂದ ಹಿಮಚಿರತೆಯ ಪುಸ್ತಕವನ್ನು ದಯವಿಟ್ಟು ನೋಡಬೇಕು. ಅದಕ್ಕಾಗಿ ಮಾಂಟ್‌ಗೊಮರಿ ಮತ್ತು ಬಿಷಪ್ ಮಂಗೋಲಿಯಾಕ್ಕೆ ಹೋಗಿದ್ದರು. ಹಿಮಚಿರತೆ ಅವರ ಕಣ್ಣಿಗೆ ಒಮ್ಮೆಯೂ ಬೀಳಲಿಲ್ಲ. ಅದನ್ನು ಮುಚ್ಚಿಡದೆ, ಹೆಜ್ಜೆ ಗುರುತು, ನೆಲ ಕೆರೆದ ಗುರುತು, ಬೆಟ್ಟ, ಅಲ್ಲಿನ ಕುರಿಗಾಹಿಗಳು, ಹುಡುಕಾಟದ ದಿನಚರಿ, ಇವುಗಳಿಂದಲೇ ಪುಸ್ತಕ ಕಟ್ಟಿದರು. ಪ್ರಾಣಿ ಕಾಣಲಿಲ್ಲ ಎಂಬುದನ್ನು ಮಕ್ಕಳಿಗೆ ನೇರವಾಗಿ ಹೇಳುವ ಪುಸ್ತಕ ಇಂತಹವರಿಂದ ಬಂದಿದೆಯೆಂದರೆ, ಸಾಕ್ಷಿಯನ್ನು ಸಿದ್ಧಪಡಿಸುವ ಜನ ಇವರೆಂದು ನನಗೆ ಅನಿಸುವುದಿಲ್ಲ.

ಕಾಡುಹಾದಿ

ಇದು ನನಗೆ ತಿಳಿದಿರಲಿಲ್ಲ. ಓದುತ್ತೇನೆ. ಆದರೆ ಮನೆಯಲ್ಲಿ ತೆಗೆದ ಚಿತ್ರಗಳ ವಿಚಾರದಲ್ಲಿ ನನ್ನ ಒಂದು ಮಾತು ಹಾಗೆಯೇ ಉಳಿದಿದೆ. ಟಿಪ್ಪಣಿ ಕೊನೆಯ ಪುಟದಲ್ಲಿದೆ. ಎಷ್ಟು ಮಕ್ಕಳು ಅಲ್ಲಿಯವರೆಗೆ ಓದುತ್ತಾರೆ? ಚಿತ್ರದ ಕೆಳಗೇ ಒಂದು ಸಾಲು ಇರಬೇಕು.

ಪುಟವಿನ್ಯಾಸ

ನಾನು ಮಕ್ಕಳ ಪುಸ್ತಕಗಳಿಗೆ ಪುಟ ಕಟ್ಟುವ ಕೆಲಸ ಮಾಡುತ್ತೇನೆ. ಕಾಡುಹಾದಿಯವರ ಬೇಡಿಕೆ ನ್ಯಾಯವಾದದ್ದು, ಅದನ್ನು ಪಾಲಿಸುವುದು ಮಾತ್ರ ಕಷ್ಟ. ಬಿಷಪ್ ಅವರ ಆ ಪುಸ್ತಕಗಳ ಪುಟವನ್ನು ಗಮನಿಸಿ. ಚಿತ್ರ ಪುಟದ ಅಂಚಿನವರೆಗೂ ಹರಡಿರುತ್ತದೆ, ಪಠ್ಯದ ಒಂದು ವಾಕ್ಯವನ್ನು ಮಾತ್ರ ದೊಡ್ಡ ಬಣ್ಣದ ಅಕ್ಷರದಲ್ಲಿ ಎತ್ತಿಕೊಟ್ಟಿರುತ್ತಾರೆ. ಆರು ವರ್ಷದ ಮಗು ಆ ಒಂದು ವಾಕ್ಯವನ್ನು ಓದಿ ಮುಂದೆ ಹೋಗಬಹುದು, ಹತ್ತು ವರ್ಷದ್ದು ಕುಳಿತು ಪೂರ್ತಿ ಓದಬಹುದು. ಎಲ್ಲ ಚಿತ್ರದ ಕೆಳಗೂ ತೆಗೆದ ಬಗೆಯನ್ನು ಬರೆಯುತ್ತಾ ಹೋದರೆ, ಕಪ್ಪೆಯ ಬದಲು ಕ್ಯಾಮೆರಾವೇ ಪುಸ್ತಕದ ವಿಷಯವಾಗಿಬಿಡುತ್ತದೆ.

ಇನ್ನೊಂದು ವಿಷಯ. ಚಿತ್ರ ಒಬ್ಬರದು, ಬರಹ ಇನ್ನೊಬ್ಬರದು ಆದಾಗ ನನ್ನ ಮೇಜಿನ ಮೇಲೆ ಆಗುವ ಜಗಳ ಒಂದೇ ಬಗೆಯದು. ಬರಹಗಾರರು "ಹೆಣ್ಣು ಜೇಡ ಮೊಟ್ಟೆಚೀಲವನ್ನು ಕಾಯುತ್ತದೆ" ಎಂದು ಬರೆದಿರುತ್ತಾರೆ, ಛಾಯಾಗ್ರಾಹಕರ ಬಳಿ ಅದೇ ಜಾತಿಯ ಗಂಡಿನ ಚಿತ್ರವಷ್ಟೇ ಇರುತ್ತದೆ. ಕೊನೆಗೆ ಚಿತ್ರಸಂಗ್ರಹವೊಂದರಿಂದ ಬೇರೆ ದೇಶದ ಬೇರೆ ಜೇಡವನ್ನು ಹಣ ಕೊಟ್ಟು ತಂದು ಅಲ್ಲಿ ಕೂರಿಸುತ್ತಾರೆ. ನನ್ನ ಮಟ್ಟಿಗೆ ಮಕ್ಕಳಿಗೆ ನಿಜವಾದ ಮೋಸ ಇದು, ಮತ್ತು ದಿನವೂ ನಡೆಯುವಂಥದ್ದು. ತಾನೇ ತೆಗೆದು ತಾನೇ ಬರೆಯುವವರ ಪುಸ್ತಕದಲ್ಲಿ ವಾಕ್ಯವೂ ಚಿತ್ರವೂ ಒಂದೇ ಜೇಡದ ಬಗ್ಗೆ ಇರುತ್ತವೆ.

ಗ್ರಂಥಪಾಲಕಿ

ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಮ್ಮಲ್ಲಿರುವ ಮಕ್ಕಳ ಮಾಹಿತಿ ಪುಸ್ತಕವೊಂದರಲ್ಲಿ ಆಫ್ರಿಕದ ಆನೆಯ ಚಿತ್ರದ ಪಕ್ಕದಲ್ಲಿ ನಾಗರಹೊಳೆಯ ಆನೆಗಳ ವಿವರಣೆ ಇದೆ. ಕಿವಿಯ ಅಗಲ ನೋಡಿ ಅದನ್ನು ಪತ್ತೆ ಮಾಡಿದವಳು ನಾಲ್ಕನೆಯ ತರಗತಿಯ ಹುಡುಗಿ.

ಮಲೆನಾಡಿಗ

ಕನ್ನಡದವರಿಗೆ ಇದು ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರಗಳನ್ನೂ ತೆಗೆದರು, ಹಕ್ಕಿಗಳ ಬಗ್ಗೆಯೂ ಬರೆದರು. ನಮ್ಮ ತಲೆಮಾರಿನ ಎಷ್ಟೋ ಮಂದಿ ಹಕ್ಕಿ ನೋಡಲು ಕಲಿತದ್ದೇ ಅವರಿಂದ.

ತುಂಗಾತೀರ

ನಿಜ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ತೇಜಸ್ವಿಯವರಿಗೆ ಕಾದಂಬರಿ, ಕಥೆ, ತೋಟ ಎಲ್ಲವೂ ಇದ್ದವು. ಹುಡುಗ ಕೇಳುತ್ತಿರುವುದು ಇದನ್ನೇ ನಂಬಿ ಬದುಕಲು ಸಾಧ್ಯವೇ ಎಂದು. ಹಾಗೆ ಬದುಕಲು ಮಕ್ಕಳ ಮಾಹಿತಿ ಪುಸ್ತಕಗಳನ್ನು ವರ್ಷ ವರ್ಷವೂ ಕೊಳ್ಳುವ ಶಾಲೆಗಳು, ಗ್ರಂಥಾಲಯಗಳು ಬೇಕು. ಬಿಷಪ್ ಅವರಿಗೂ ಏಕಾಏಕಿ ಸ್ವಂತ ಹೆಸರಿನ ಮಾಲೆ ಸಿಕ್ಕಲಿಲ್ಲ. 1999ರಲ್ಲಿ ಬಂದ ಕೆಂಪುಕಣ್ಣಿನ ಮರಗಪ್ಪೆಯ ಪುಸ್ತಕಕ್ಕೆ ಬರೆದವರು ನ್ಯೂಜಿಲೆಂಡ್‌ನ ಜಾಯ್ ಕೌಲಿ. ಇವರದು ಚಿತ್ರಗಳು ಮಾತ್ರ. ಅದಕ್ಕೆ ಆ ವರ್ಷವೇ ಬಾಸ್ಟನ್ ಗ್ಲೋಬ್–ಹಾರ್ನ್ ಬುಕ್ ಪ್ರಶಸ್ತಿ ಬಂದಿತು. ಮಡಗಾಸ್ಕರ್‌ನ ಪಳೆಯುಳಿಕೆ ಶೋಧದ ಬಗ್ಗೆ 2000ದಲ್ಲಿ ಅವರೇ ಬರೆದ ಪುಸ್ತಕ ಬಂದಿತ್ತಾದರೂ, ಅವರ ಹೆಸರನ್ನೇ ಶೀರ್ಷಿಕೆಯಲ್ಲಿ ಹೊತ್ತ ಮಾಲೆ ಬಂದದ್ದು 2007ರಲ್ಲಿ. ಅಷ್ಟು ವರ್ಷ ಅವರ ಚಿತ್ರಗಳನ್ನು ನೋಡಿ ಬೆಳೆದ ಗ್ರಂಥಪಾಲಕರು ಅಲ್ಲಿದ್ದರು. ಕನ್ನಡದಲ್ಲಿ ಅಂತಹ ಪುಸ್ತಕವನ್ನು ಬಣ್ಣದಲ್ಲಿ ಅಚ್ಚು ಹಾಕಿಸುವ ವೆಚ್ಚ ಹೊರುವವರು ಯಾರು ಎಂಬುದೇ ನನಗೆ ನೋವಿನ ಪ್ರಶ್ನೆ.

ಜೀವಶಾಸ್ತ್ರದ ಮೇಷ್ಟ್ರು

ಹುಡುಗನಿಗೆ ಒಂದು ಎಚ್ಚರಿಕೆಯನ್ನೂ ಹೇಳಿಬಿಡಿ. ಪುಸ್ತಕ ನೋಡಿ ಅವನೂ ಪ್ರಾಣಿಗಳನ್ನು ಹಿಡಿದು ತಂದು ಪೆಟ್ಟಿಗೆಯಲ್ಲಿ ಇಡುವುದು ಬೇಡ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನುಸೂಚಿಗಳಲ್ಲಿರುವ ಪ್ರಾಣಿಗಳನ್ನು ಅನುಮತಿಯಿಲ್ಲದೆ ಹಿಡಿದಿಡುವುದು ಅಪರಾಧ. ಮನೆಯ ಗೋಡೆಯ ಮೇಲೆ ತಾನಾಗಿಯೇ ಬಂದಿರುವ ಜೇಡವನ್ನು ಅದು ಇದ್ದಲ್ಲೇ ನೋಡಲಿ. ಮೊಬೈಲ್ ಫೋನ್ ಸಾಕು, ಪಕ್ಕದಿಂದ ಟಾರ್ಚ್ ಹಿಡಿಯಲು ಒಬ್ಬರಿರಲಿ.

ಧಾರವಾಡದ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಉತ್ತರಿಸುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಮಾತುಗಳನ್ನೆಲ್ಲ ಅವನಿಗೆ ಓದಿ ಹೇಳಿದೆ. ಕಾಡುಹಾದಿಯವರ ಮರಗಪ್ಪೆಯ ಸಂಗತಿ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಮರುದಿನದಿಂದ ಅಡುಗೆಮನೆಯ ಬಾಗಿಲ ಹಿಂದಿರುವ ಜೇಡವೊಂದನ್ನು ಪ್ರತಿ ಸಂಜೆ ಏಳು ಗಂಟೆಗೆ ನೋಡುತ್ತಿದ್ದಾನೆ, ಟಾರ್ಚ್ ಹಿಡಿಯುವುದು ನಾನು. ಅಂಗೈಯಷ್ಟು ಅಗಲದ ಕಂದು ಜೇಡ, ಬಲೆ ಕಟ್ಟಿಲ್ಲ, ಹೊಟ್ಟೆಯ ಕೆಳಗೆ ಬಿಳಿಯ ಬಿಲ್ಲೆಯಂತಹದ್ದೊಂದನ್ನು ಹಿಡಿದುಕೊಂಡಿದೆ. ಹನ್ನೊಂದು ಸಂಜೆಗಳಾದವು. ಇಲ್ಲಿ ಹಾಕಿರುವುದು ಇದ್ದುದರಲ್ಲಿ ಒಳ್ಳೆಯ ಚಿತ್ರ. ಅವನ ಟಿಪ್ಪಣಿ ಪುಸ್ತಕದ ಮೊದಲ ಪುಟದ ಚಿತ್ರವನ್ನೂ ಸೇರಿಸಿದ್ದೇನೆ. "ಎಂಟು ಕಾಲುಗಳಿವೆ. ಬಿಲ್ಲೆಯನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಜಿರಲೆ ಹತ್ತಿರ ಬಂದರೂ ಹಿಡಿಯಲಿಲ್ಲ" ಎಂದು ಬರೆದುಕೊಂಡಿದ್ದಾನೆ. ಇದು ಯಾವ ಜೇಡ?

ಜೀವಶಾಸ್ತ್ರದ ಮೇಷ್ಟ್ರು

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ, ಬಲೆ ಹೆಣೆಯದೆ ಬೇಟೆಯಾಡುವ ಹಂಟ್ಸ್‌ಮನ್ ಜೇಡ, ಹೆಣ್ಣು. ಬಿಳಿ ಬಿಲ್ಲೆ ಅದರ ಮೊಟ್ಟೆಚೀಲ. ಅದನ್ನು ಹೊತ್ತಿರುವಾಗ ಅದು ಸಾಮಾನ್ಯವಾಗಿ ಬೇಟೆಯಾಡುವುದಿಲ್ಲ. ಜಿರಲೆಯ ವಿಷಯವನ್ನು ಹುಡುಗ ಸರಿಯಾಗಿ ಗಮನಿಸಿದ್ದಾನೆ.

ಕಾಡುಹಾದಿ

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಟಿಪ್ಪಣಿಯಲ್ಲಿ ಎಂಟು ಕಾಲು ಎಂದಿದೆ, ಚಿತ್ರದಲ್ಲಿ ನನಗೆ ಏಳೇ ಕಾಣುತ್ತಿವೆ. ಒಂದು ಕಾಲು ಮೈಯ ಕೆಳಗೆ ಮಡಚಿಕೊಂಡಿರಬಹುದು. ಇವತ್ತು ಸಂಜೆ ಅವನು ಎಣಿಸಿ ನೋಡಲಿ.

ಧಾರವಾಡದ ಓದುಗಿ

ಎಣಿಸಿದ. ಏಳೇ ಇವೆ. ಎಡಗಡೆಯ ಮೂರನೆಯದು ಬುಡದಿಂದಲೇ ಇಲ್ಲ. ಟಿಪ್ಪಣಿಯಲ್ಲಿ ಎಂಟನ್ನು ಹೊಡೆದುಹಾಕಿ ಏಳು ಎಂದು ಬರೆದು, ಪಕ್ಕದಲ್ಲಿ ದಿನಾಂಕ ಹಾಕಿದ್ದಾನೆ. ಆ ಕಾಲು ಮತ್ತೆ ಬೆಳೆಯುತ್ತದೆಯೇ ಎಂದು ಮೇಷ್ಟ್ರನ್ನು ಕೇಳಲು ಹೇಳಿದ.

ಜೀವಶಾಸ್ತ್ರದ ಮೇಷ್ಟ್ರು

ಮರಿ ಜೇಡವಾಗಿದ್ದರೆ ಮುಂದಿನ ಬಾರಿ ಪೊರೆ ಬಿಡುವಾಗ ಬೆಳೆಯುತ್ತಿತ್ತು. ಇದು ಮೊಟ್ಟೆಯಿಟ್ಟಿರುವ ಬೆಳೆದ ಜೇಡ, ಇನ್ನು ಪೊರೆ ಬಿಡುವುದಿಲ್ಲ. ಏಳು ಕಾಲುಗಳಲ್ಲೇ ಅದು ಮರಿಗಳನ್ನು ಹೊರತರುತ್ತದೆ. ಆ ದಿನ ತಪ್ಪಿಹೋಗದಿರಲಿ. ಸಂಜೆಯ ಜೊತೆ ಬೆಳಿಗ್ಗೆಯೂ ಒಮ್ಮೆ ಬಾಗಿಲ ಹಿಂದೆ ನೋಡಲು ಅವನಿಗೆ ಹೇಳಿ.